ಕೀಲು ಸಡಿಲ ಇರುವವರು ಹೇಗೆ ಮಲಗಬೇಕು?

ಕೀಲುಗಳು ಅತಿಯಾಗಿ ಬಾಗುತ್ತವೆ, ವರ್ಷಗಳಿಂದ ನೋವಿದೆ, ಯಾವ ಮಗ್ಗುಲಿಗೆ ಮಲಗಿದರೂ ನಿದ್ದೆ ಹತ್ತುವುದಿಲ್ಲ ಅಂದಿದ್ದೀರಿ.

ಹಗಲಲ್ಲಿ ಸ್ನಾಯುಗಳು ಕೀಲನ್ನು ಬಿಗಿಯಾಗಿ ಹಿಡಿದಿರುತ್ತವೆ. ನಿದ್ದೆಯಲ್ಲಿ ಅವು ಸಡಿಲವಾಗುತ್ತವೆ, ಆಗ ಭುಜವೋ ಸೊಂಟವೋ ತನ್ನ ಭಾರಕ್ಕೇ ಜೋತುಬಿದ್ದು ಗಂಟೆಗಟ್ಟಲೆ ಎಳೆದುಕೊಂಡೇ ಇರುತ್ತದೆ. ಹಾಗಾಗಿ ಮೈಗೂ ಹಾಸಿಗೆಗೂ ನಡುವೆ ಎಲ್ಲಿ ಖಾಲಿ ಜಾಗ ಇದೆಯೋ ಅಲ್ಲಿ ಏನಾದರೂ ತುಂಬಿಸಿ.

ಮಗ್ಗುಲಲ್ಲಿ ಮಲಗುವುದು ತುಂಬಾ ಜನಕ್ಕೆ ಹಿತ. ಮಂಡಿಗಳ ನಡುವೆ ದಿಂಬು ಇಡಿ, ಆದರೆ ಅದು ಪಾದದವರೆಗೂ ಬರಲಿ, ಇಲ್ಲದಿದ್ದರೆ ಮೇಲಿನ ಕಾಲು ತಿರುಚಿಕೊಂಡು ಸೊಂಟವನ್ನು ಎಳೆಯುತ್ತದೆ. ಇನ್ನೊಂದು ದಿಂಬನ್ನು ತಬ್ಬಿಕೊಳ್ಳಿ, ಮೇಲಿನ ಭುಜ ಮುಂದಕ್ಕೆ ಬೀಳುವುದಿಲ್ಲ. ತಲೆದಿಂಬು ಕುತ್ತಿಗೆಯಿಂದ ಭುಜದ ತುದಿಯಷ್ಟು ಎತ್ತರ ಇದ್ದರೆ ಸಾಕು. ದುಬಾರಿ ದಿಂಬೇ ಬೇಕೆಂದಿಲ್ಲ, ಹಳೆ ಕಾಟನ್ ಸೀರೆ ಸುತ್ತಿ ಸೊಂಟದ ಕೆಳಗೆ ಇಟ್ಟರೂ ನಡೆಯುತ್ತದೆ.

ಅಂಗಾತ ಮಲಗಿದರೆ ಮಂಡಿ ಕೆಳಗೆ ದಿಂಬಿರಲಿ. ಬೋರಲು ಮಾತ್ರ ಬೇಡ, ಕುತ್ತಿಗೆ ಇಡೀ ರಾತ್ರಿ ತಿರುಗಿಯೇ ಇರುತ್ತದಲ್ವಾ! ಕೈಯನ್ನು ಮಡಚಿ ಕೆನ್ನೆ ಕೆಳಗೆ ಇಟ್ಟುಕೊಳ್ಳುವ ಅಭ್ಯಾಸವನ್ನೂ ಬಿಡಿ, ಮಣಿಕಟ್ಟು ನೋಯುವುದು ಅದರಿಂದಲೂ ಇರಬಹುದು.

ನಿದ್ದೆಯಲ್ಲಿ ಕೀಲು ಜಾರುತ್ತಿದ್ದರೆ ಅಥವಾ ಕೈಕಾಲು ಜೋಮು ಹಿಡಿದು ಬೇಗ ಬಿಡದಿದ್ದರೆ ಫಿಸಿಯೋಥೆರಪಿಸ್ಟ್ ಅಥವಾ ಡಾಕ್ಟರ್‌ಗೆ ತೋರಿಸಿ.