‘ಟೇಸ್ಟ್ಸ್ ನೈಸ್ಲಿ’ ಅಂದರೆ ತಪ್ಪೇನು ಮೇಷ್ಟ್ರೇ?

ಪ್ರಶ್ನೆ: ಮೇಷ್ಟ್ರೇ, ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಊಟದ ಕೋಣೆಯಲ್ಲಿ ನಾನೇ ಬೋರ್ಡ್ ಬರೆದು ಹಾಕಿದ್ದೆ: ‘ಅವರ್ ಫುಡ್ ಟೇಸ್ಟ್ಸ್ ನೈಸ್ಲಿ.’ ಬೆಂಗಳೂರಿಂದ ಬಂದಿದ್ದ ಹುಡುಗಿಯೊಬ್ಬಳು ಅದನ್ನು ನೋಡಿ ನಕ್ಕಳು. ‘ನೈಸ್ ಅಂತ ಬರೀರಿ ಆಂಟಿ, ಅದು ಲಿಂಕಿಂಗ್ ವರ್ಬ್’ ಅಂದಳು. ಕ್ರಿಯಾಪದದ ಜೊತೆ ಆಡ್‌ವರ್ಬ್ ಬರಬೇಕು, ಅದಕ್ಕೆ ‘ಲಿ’ ಸೇರಬೇಕು ಅಂತ ಶಾಲೆಯಲ್ಲಿ ಕಲಿತ ನೆನಪು ನನಗೆ. ಯಾರು ಸರಿ?
– ಒಬ್ಬ ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಹುಡುಗಿ ಹೇಳಿದ್ದು ಸರಿ. ಆದರೆ ನಗುವಂಥದ್ದೇನೂ ಇರಲಿಲ್ಲ. ನಿಮ್ಮಿಂದ ಈ ತಪ್ಪು ಮಾಡಿಸಿದ್ದು ನಿಮ್ಮ ಒಳ್ಳೆಯ ಕನ್ನಡ.

ಈ ಎರಡು ಮಾತು ನೋಡಿ. ‘ಅವಳು ಸುಂದರವಾಗಿ ಹಾಡುತ್ತಾಳೆ.’ ‘ಅವಳು ಸುಂದರವಾಗಿ ಕಾಣುತ್ತಾಳೆ.’ ಎರಡರಲ್ಲೂ ‘ಸುಂದರವಾಗಿ’ ಅಂತಲೇ ಇದೆ, ಅಲ್ವಾ? ಇಂಗ್ಲಿಷಿನಲ್ಲಿ ಇವು ಬೇರೆ ಬೇರೆ. ಮೊದಲನೆಯದು ‘ಶಿ ಸಿಂಗ್ಸ್ ಬ್ಯೂಟಿಫುಲಿ’, ಎರಡನೆಯದು ‘ಶಿ ಲುಕ್ಸ್ ಬ್ಯೂಟಿಫುಲ್’. ಮೊದಲನೆಯದರಲ್ಲಿ ಸುಂದರವಾಗಿರುವುದು ಹಾಡುವ ರೀತಿ. ಎರಡನೆಯದರಲ್ಲಿ ಅವಳೇ ಸುಂದರ. ನಮ್ಮ ‘ಆಗಿ’ ಎರಡಕ್ಕೂ ಆಗುತ್ತದೆ. ‘ಬೇಳೆ ಚೆನ್ನಾಗಿ ಬೇಯಿಸು’ ಅನ್ನುತ್ತೇವೆ, ‘ಸಾರು ಚೆನ್ನಾಗಿದೆ’ ಅಂತಲೂ ಅನ್ನುತ್ತೇವೆ. ‘ಚೆನ್ನಾಗಿದೆ’ ಬಿಡಿಸಿದರೆ ‘ಚೆನ್ನಾಗಿ’ ಮತ್ತು ‘ಇದೆ’. ಇಂಗ್ಲಿಷ್ ಬರೆಯುವಾಗಲೂ ತಲೆಯೊಳಗೆ ಈ ‘ಆಗಿ’ ಕೂತಿರುತ್ತದೆ. ಅದು ನೇರವಾಗಿ ‘ಲಿ’ ಆಗಿಬಿಡುತ್ತದೆ.

ಈಗ ನಿಮ್ಮ ಬೋರ್ಡಿಗೆ ಬನ್ನಿ. ಅಲ್ಲಿ ಯಾವುದು ನೈಸ್? ಊಟ. ರುಚಿ ನೋಡುವವರು ನಿಮ್ಮ ಅತಿಥಿಗಳು, ಊಟ ಅಲ್ಲ. ಊಟ ಎಂಥದೂ ಮಾಡುತ್ತಿಲ್ಲ, ಸುಮ್ನೆ ಎಲೆಯ ಮೇಲೆ ಕೂತಿದೆ. ‘ಟೇಸ್ಟ್ಸ್ ನೈಸ್ಲಿ’ ಅಂದಾಗ ಅನ್ನ ಸಾರೇ ಎದ್ದು, ನಾಜೂಕಾಗಿ ನಾಲಿಗೆ ಚಾಚಿ ರುಚಿ ನೋಡಿದ ಹಾಗೆ ಕೇಳುತ್ತದೆ. ‘ಕ್ರಿಯಾಪದ’ ಅನ್ನುವ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ ಅಂತ ನನಗೆ ಯಾವಾಗಲೂ ಅನಿಸಿದೆ. ಲಿಂಕಿಂಗ್ ವರ್ಬ್, ಅಂದರೆ ಜೋಡಿಸುವ ಕ್ರಿಯಾಪದ, ಅನ್ನುವ ಈ ಪದಗಳಲ್ಲಿ ಕ್ರಿಯೆ ಅನ್ನುವುದು ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಹಳ್ಳದ ಮೇಲೆ ಕಾಲುಸಂಕ ಹಾಕುತ್ತೇವಲ್ಲ, ಅಷ್ಟೇ ಇವುಗಳ ಕೆಲಸ. ಈ ದಡದಲ್ಲಿ ‘ಫುಡ್’, ಆ ದಡದಲ್ಲಿ ‘ನೈಸ್’.

ಕನ್ನಡಕ್ಕೆ ಎಷ್ಟೋ ಕಡೆ ಈ ಸಂಕವೇ ಬೇಡ. ‘ನಮ್ಮ ಅಣ್ಣ ಡಾಕ್ಟರು’ ಅಂದರೆ ಮಾತು ಮುಗಿಯಿತು, ಅದರಲ್ಲಿ ಕ್ರಿಯಾಪದವೇ ಇಲ್ಲ. ಇಂಗ್ಲಿಷಿಗೆ ಹಾಗೆ ಹಾರಿ ದಾಟಲು ಬರುವುದಿಲ್ಲ. ‘ಮೈ ಬ್ರದರ್ ಇಸ್ ಎ ಡಾಕ್ಟರ್’ ಅನ್ನಲೇಬೇಕು.

ತಲೆನೋವು ಇರುವುದು ‘ಇಸ್’ನಲ್ಲಿ ಅಲ್ಲ. ಟೇಸ್ಟ್, ಸ್ಮೆಲ್, ಲುಕ್, ಫೀಲ್, ಟರ್ನ್, ಗ್ರೋ, ಗೋ ಇವೆಲ್ಲ ಎರಡು ವೇಷ ಹಾಕುತ್ತವೆ. ಅಡಿಕೆ ಕೊಯ್ಲಿನದೇ ಉದಾಹರಣೆ ತೆಗೆದುಕೊಳ್ಳಿ. ಚೊಗರಿನಲ್ಲಿ ಬೆಂದ ಅಡಿಕೆ ಕೆಂಪಾಯಿತು: ‘ದ ನಟ್ಸ್ ಟರ್ನ್ಡ್ ರೆಡ್.’ ಇದು ಲಿಂಕಿಂಗ್. ಆಮೇಲೆ ಒಣಗಲು ಹರಡಿದ ಅಡಿಕೆಯನ್ನು ಅತ್ತೆ ಕೈಯಾಡಿಸಿ ಮಗುಚಿದರು: ‘ಶಿ ಟರ್ನ್ಡ್ ದ ನಟ್ಸ್.’ ಇದು ಅಪ್ಪಟ ಕೆಲಸ, ಬೇಕಾದರೆ ಅವರ ಸೊಂಟವನ್ನೇ ಕೇಳಿ. ಈಗ ‘ಟರ್ನ್ಡ್’ ಇದ್ದಲ್ಲಿ ‘ವರ್’ ಅಥವಾ ‘ವಾಸ್’ ಹಾಕಿ. ‘ದ ನಟ್ಸ್ ವರ್ ರೆಡ್’ ಸರಿಹೋಗುತ್ತದೆ. ‘ಶಿ ವಾಸ್ ದ ನಟ್ಸ್’ ಅಂದರೆ ಅತ್ತೆಯೇ ಅಡಿಕೆಯಾಗಿಬಿಡುತ್ತಾರೆ. ಸರಿಹೋದಲ್ಲಿ ಲಿಂಕಿಂಗ್, ಕೆಟ್ಟಲ್ಲಿ ಅಲ್ಲ.

ಈ ಪರೀಕ್ಷೆಯನ್ನು ಕಣ್ಣು ಮುಚ್ಚಿ ನಂಬಬೇಡಿ. ‘ಹಿ ವೆಂಟ್ ಹೋಂ’ ಇದ್ದಲ್ಲಿ ‘ಹಿ ವಾಸ್ ಹೋಂ’ ಅಂದರೂ ನಡೆಯುತ್ತದೆ, ಆದರೆ ಅವನು ನಿಜವಾಗಿ ಹೋಗಿರುತ್ತಾನೆ, ಹಾಗಾಗಿ ಅಲ್ಲಿ ‘ವೆಂಟ್’ ಲಿಂಕಿಂಗ್ ಅಲ್ಲ. ‘ದ ಮಿಲ್ಕ್ ವೆಂಟ್ ಸವರ್’ ಅನ್ನುವಲ್ಲಿ ಮಾತ್ರ ‘ವೆಂಟ್’ ಲಿಂಕಿಂಗ್. ಹಾಲು ಎಲ್ಲಿಗೂ ಹೋಗಿಲ್ಲ. ನಾವೂ ‘ಕೆಟ್ಟುಹೋಯಿತು’ ಅನ್ನುತ್ತೇವಲ್ಲ, ಆ ‘ಹೋಯಿತು’ ಇದರ ಸೋದರ ಸಂಬಂಧಿ.

‘ಲಿ’ ಕಂಡಲ್ಲೆಲ್ಲ ಹೊಡೆದುಹಾಕಲೂ ಹೋಗಬೇಡಿ ಮತ್ತೆ. ‘ಲವ್ಲಿ’, ‘ಫ್ರೆಂಡ್ಲಿ’ ಇವು ‘ಲಿ’ ಇದ್ದರೂ ‘ನೈಸ್’ನ ಹಾಗೆ ಗುಣ ಹೇಳುವ ಆಡ್ಜೆಕ್ಟಿವ್‌ಗಳೇ. ‘ಆಗುಂಬೆ ಲುಕ್ಸ್ ಲವ್ಲಿ ಇನ್ ದ ರೇನ್’ ಅಂತ ಧೈರ್ಯವಾಗಿ ಬರೆಯಿರಿ. ‘ಟೇಸ್ಟ್ಸ್ ರಿಯಲಿ ನೈಸ್’ ಕೂಡ ಸರಿ. ಅಲ್ಲಿ ‘ರಿಯಲಿ’ ಅಂಟಿಕೊಂಡಿರುವುದು ‘ನೈಸ್’ಗೆ.

ಬೋರ್ಡ್ ಹೇಗೂ ಹೊಸದಾಗಿ ಬರೆಯುತ್ತೀರಿ, ಅದಕ್ಕೆ ಇನ್ನೊಂದು ಮಾತು. ‘ಅವರ್ ಕಾಫಿ ಇಸ್ ಸ್ಮೆಲಿಂಗ್ ಗುಡ್’ ಅಂತ ಬರೆಯಬೇಡಿ. ‘ಘಮ್ ಅಂತಿದೆ’ ಅನ್ನುವ ನಮ್ಮ ಬಾಯಿಗೆ ‘ಇಂಗ್’ ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲಿ ‘ಸ್ಮೆಲ್ಸ್ ಗುಡ್’ ಅಂದರೇ ಚಂದ. ‘ಫೀಲ್’ಗಾದರೆ ಎರಡೂ ನಡೆಯುತ್ತವೆ: ‘ಐ ಫೀಲ್ ಟೈರ್ಡ್’, ‘ಐ ಆಮ್ ಫೀಲಿಂಗ್ ಟೈರ್ಡ್’.

ಪ್ರಶ್ನೆ: ಸರ್, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ‘ಇಸ್’ ಇದ್ದಲ್ಲೆಲ್ಲ ಲಿಂಕಿಂಗ್ ವರ್ಬ್ ಅಂತ ಗುರುತು ಹಾಕಬಹುದೇ?
– ಒಬ್ಬ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಹಾಕಿದರೆ ಅಂಕ ಹೋಗುತ್ತದೆ. ‘ಜೋಗ್ ಫಾಲ್ಸ್ ಇಸ್ 253 ಮೀಟರ್ಸ್ ಹೈ’ ಅನ್ನುವಲ್ಲಿ ‘ಇಸ್’ ಲಿಂಕಿಂಗ್. ಜಲಪಾತವನ್ನೂ ಅದರ ಎತ್ತರವನ್ನೂ ಜೋಡಿಸುತ್ತಿದೆ. ‘ದ ಶರಾವತಿ ಇಸ್ ಫ್ಲೋಯಿಂಗ್’ ಅನ್ನುವಲ್ಲಿ ಅದು ಬರೀ ಸಹಾಯಕ. ನಿಜವಾದ ಕ್ರಿಯಾಪದ ‘ಫ್ಲೋ’. ‘ಇಂಗ್’ ಕಂಡ ಕೂಡಲೇ ಸಹಾಯಕ ಅಂತಲೂ ತೀರ್ಮಾನಿಸಬೇಡ. ‘ದ ವ್ಯೂ ಇಸ್ ಅಮೇಜಿಂಗ್’ ಅನ್ನುವಲ್ಲಿ ‘ಅಮೇಜಿಂಗ್’ ಆಡ್ಜೆಕ್ಟಿವ್, ಹಾಗಾಗಿ ‘ಇಸ್’ ಮತ್ತೆ ಲಿಂಕಿಂಗ್.

‘ಹಿ ಇಸ್ ಇನ್ ಸಾಗರ’ ಥರದ್ದು ಬಂದರೆ ವ್ಯಾಕರಣದ ಪುಸ್ತಕಗಳಲ್ಲೇ ಒಮ್ಮತವಿಲ್ಲ. ಕೆಲವರು ಲಿಂಕಿಂಗ್ ಅನ್ನುತ್ತಾರೆ. ಇನ್ನು ಕೆಲವರು ಗುಣ ಅಥವಾ ಹೆಸರು ಜೋಡಿಸಿದರೆ ಮಾತ್ರ ಲಿಂಕಿಂಗ್, ಜಾಗ ಹೇಳಿದರೆ ಅಲ್ಲ ಅನ್ನುತ್ತಾರೆ. ನಾನು ಮೊದಲಿನವರ ಕಡೆ. ನೀನು ಮಾತ್ರ ನಿನ್ನ ಪರೀಕ್ಷೆಗೆ ಇಟ್ಟಿರುವ ಪುಸ್ತಕ ಏನು ಹೇಳುತ್ತದೋ ಅದನ್ನೇ ಬರಿ ಮಾರಾಯ.