ಲೈಬ್ರರಿಯ ಮೇಜು ಯಾರದ್ದು?

ಹಾಸನ ಜಿಲ್ಲೆಯ ಹೋಬಳಿ ಊರೊಂದರಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ನಮ್ಮ ಪಂಚಾಯ್ತಿ ಲೈಬ್ರರಿ ಪಿಯುಸಿ ಹುಡುಗರ ಪಾಲಾಗಿದೆ. ಅಲ್ಲಿನ ಒಂದು ಪುಸ್ತಕವನ್ನೂ ಮುಟ್ಟುವುದಿಲ್ಲ. ತಮ್ಮ ಗೈಡು, ಮೊಬೈಲು ಹರಡಿಕೊಂಡು ಕೂರುತ್ತಾರೆ. ಪೇಪರ್ ಓದಲು ಹೋದ ನಮಗೆ ಕುರ್ಚಿ ಇಲ್ಲ. ಇವರಿಗೆ ಲೈಬ್ರರಿ ಯಾಕೆ ಬೇಕು?"

ಮೇಷ್ಟ್ರೇ, ಕುರ್ಚಿಯ ದೂರು ನ್ಯಾಯವಾದದ್ದೇ. ಪೇಪರ್ ಹೊತ್ತಿನಲ್ಲಿ ಹಿರಿಯರಿಗೆ ಒಂದು ಬೆಂಚು ಬಿಡಿ ಅಂತ ಮೇಲ್ವಿಚಾರಕರು ಹೇಳಬೇಕು. ಉಳಿದ ಮಾತಿಗೆ ನನ್ನ ತಕರಾರಿದೆ.

ಆ ಮಕ್ಕಳು ಬರುವುದೇ ಮೇಜಿಗಾಗಿ. ಸಿಇಟಿ, ನೀಟ್ ಅಂತ ಓದುವವರಿಗೆ ಮನೆಯಲ್ಲಿ ಜಾಗವೆಲ್ಲಿದೆ? ಒಂದೇ ಕೋಣೆ, ಅದರಲ್ಲೇ ಟಿವಿ, ಬಂದು ಹೋಗುವ ನೆಂಟರು. ಬೆಂಗಳೂರಿನಂಥ ಕಡೆ ತಿಂಗಳ ದುಡ್ಡು ಕಟ್ಟಿ ಖಾಸಗಿ ಸ್ಟಡಿ ರೂಮಿಗೆ ಹೋಗುತ್ತಾರೆ. ನಿಮ್ಮೂರಿನವರಿಗೆ ಪಂಚಾಯ್ತಿ ಲೈಬ್ರರಿಯೇ ಗತಿ. ಹುಡುಗಿಯರ ವಿಷಯ ಇನ್ನೂ ಬೇರೆ. ಕಾಲೇಜು ಬಿಟ್ಟ ಮೇಲೆ ಒಂದೆರಡು ಗಂಟೆ ಹೊರಗಿರಬೇಕೆಂದರೆ, "ಲೈಬ್ರರಿಗೆ ಹೋಗಿ ಬರ್ತೀನಿ" ಅನ್ನುವ ಮಾತಿಗೆ ಮಾತ್ರ ಮನೆಯಲ್ಲಿ ಜಾಸ್ತಿ ವಿಚಾರಣೆ ಇರುವುದಿಲ್ಲ. ಅಲ್ಲಿ ಗೆಳತಿಯ ಜೊತೆ ನಾಲ್ಕು ಮಾತು ಪಿಸುಗುಟ್ಟಿದರೆ ಆಕಾಶವೇನೂ ಕಳಚಿ ಬೀಳುವುದಿಲ್ಲ, ಬಿಡಿ. ಮೊಬೈಲಿನಲ್ಲಿ ಸುಮ್ನೆ ರೀಲ್ಸ್ ನೋಡುವವರೂ ಇದ್ದಾರೆ, ನಿಜ. ಪಾಠದ ವಿಡಿಯೋ ಇರುವುದೂ ಅದರಲ್ಲೇ ಅಲ್ವಾ?

ಇನ್ನು, ಅಲ್ಲಿನ ಪುಸ್ತಕ ಯಾಕೆ ಮುಟ್ಟುವುದಿಲ್ಲ? ಹದಿನೈದರ ಹುಡುಗಿಯ ಜಾಗದಲ್ಲಿ ನಿಂತು ಕಪಾಟು ನೋಡಿ. ಒಂದು ಕಡೆ ಬಣ್ಣದ ಚಿತ್ರಕಥೆ. ಅದು ಅವಳ ಪುಟ್ಟ ತಮ್ಮನಿಗೆ. ಇನ್ನೊಂದು ಕಡೆ ದಪ್ಪ ಅಭಿನಂದನ ಗ್ರಂಥಗಳು. ಅವನ್ನು ನೀವೂ ಓದಿರಲಾರಿರಿ! ನಡುವೆ ಅವಳಿಗೆ ಅಂತ ಏನಿದೆ? ಎಷ್ಟೋ ಕಡೆ ಕಪಾಟಿಗೆ ಬೀಗ ಬೇರೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಲ್ಲ ಎಂಬ ಹೆದರಿಕೆ ಮೇಲ್ವಿಚಾರಕರಿಗೆ. ಗ್ರಂಥಾಲಯಕ್ಕೆ ಐದು ಸೂತ್ರ ಕೊಟ್ಟ ಎಸ್. ಆರ್. ರಂಗನಾಥನ್ ಬದುಕಿನ ಕೊನೆಯ ವರ್ಷಗಳಲ್ಲಿ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. ಪುಸ್ತಕ ಇರುವುದು ಬಳಸಲಿಕ್ಕೆ ಅನ್ನುವುದೇ ಅವರ ಮೊದಲ ಸೂತ್ರ. 1931ರಲ್ಲೇ ಹೇಳಿದ್ದರು.

'ಇವರಿಗೆ ಯಾಕೆ' ಅಂದಿರಿ. 2019ರಲ್ಲಿ ಈ ಲೈಬ್ರರಿಗಳು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಮರುವರ್ಷ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಎಂಬ ಕಾರ್ಯಕ್ರಮ ಶುರುವಾಯಿತು. 6ರಿಂದ 18 ವರ್ಷದವರಿಗೆ ಉಚಿತ ಸದಸ್ಯತ್ವ ಕೊಟ್ಟು ಸರ್ಕಾರವೇ ಕರೆದಿದೆ. ಬನ್ನಿ ಅಂತ ಕರೆದು ಅವರ ವಯಸ್ಸಿನ ಪುಸ್ತಕ ಇಡದಿದ್ದರೆ ತಪ್ಪು ಯಾರದ್ದು? ಮನೆ ಕಂದಾಯದ ಜೊತೆ 6% ಗ್ರಂಥಾಲಯ ಕರವನ್ನೂ ನಾವು ಕಟ್ಟುತ್ತೇವೆ. ಕೇಳುವ ಹಕ್ಕಿದೆ.

ಕೇಳುವ ಜಾಗವೂ ಇದೆ. ಪಂಚಾಯ್ತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಹೆಚ್ಚಾಗಿ ಪ್ರಾಥಮಿಕ ಶಾಲೆಯ ಮಕ್ಕಳನ್ನು ಸಾಲಾಗಿ ಕೂರಿಸಿ ಮುಗಿಸುತ್ತಾರೆ. ಈ ಸಲ ನಿಮ್ಮ ಪಿಯುಸಿ ಹುಡುಗರನ್ನೂ ಕರೆದುಕೊಂಡು ಹೋಗಿ. ಬೇಕಾದ ಪುಸ್ತಕಗಳ ಪಟ್ಟಿ ಅವರೇ ಬರೆಯಲಿ, ಪಿಡಿಒ ಕೈಗೆ ಅವರೇ ಕೊಡಲಿ. ಕೆಳಗೆ ನಿಮ್ಮದೂ ಒಂದು ಸಹಿ ಇರಲಿ. ಆ ಪಿಡಿಒ ನಿಮ್ಮ ಹಳೇ ಶಿಷ್ಯರಾಗಿದ್ದರಂತೂ ಕೆಲಸ ಬೇಗ ಆದೀತು.