ಪಿಯುಸಿ ಸೈನ್ಸ್ ಮುಗಿಯಿತು, ಮನೆ ಉಡುಪಿ. ಫಾರ್ಮಸಿ ಕೋರ್ಸ್‌ಗಳಾದ ಡಿ.ಫಾರ್ಮಾ (ಡಿಪ್ಲೊಮಾ), ಬಿ.ಫಾರ್ಮಾ (ಪದವಿ), ಫಾರ್ಮ್ ಡಿ (ಡಾಕ್ಟರ್ ಆಫ್ ಫಾರ್ಮಸಿ), ಯಾವುದಕ್ಕೆ ಸೇರಲಿ?

ಊರಲ್ಲೇ ಮೆಡಿಕಲ್ ಶಾಪ್ ಇಡುವ ಯೋಚನೆಯಾದರೆ 2 ವರ್ಷದ ಡಿ.ಫಾರ್ಮಾ ಸಾಕು. ಆಮೇಲೆ 500 ಗಂಟೆ ತರಬೇತಿ ಇರುತ್ತದೆ. ಸುಮ್ನೆ ಬೇರೆಯವರ ಅಂಗಡಿಗೆ ಸರ್ಟಿಫಿಕೇಟ್ ಬಾಡಿಗೆಗೆ ಕೊಟ್ಟು ಮನೆಯಲ್ಲಿ ಕೂರುವ ಆಸೆ ಮಾತ್ರ ಬೇಡ, ಅದು ಕಾನೂನಿಗೆ ವಿರುದ್ಧ.

ಇನ್ನೂ ಏನೂ ಗಟ್ಟಿ ಮಾಡಿಲ್ಲ ಅಲ್ವಾ? ಹಾಗಾದರೆ ನನ್ನ ಓಟು 4 ವರ್ಷದ ಬಿ.ಫಾರ್ಮಾಕ್ಕೆ. ಅಂಗಡಿ, ಔಷಧ ಕಂಪನಿ, ಡ್ರಗ್ ಇನ್‌ಸ್ಪೆಕ್ಟರ್ ಹುದ್ದೆ, ಎಂ.ಫಾರ್ಮಾ (ಸ್ನಾತಕೋತ್ತರ ಪದವಿ), ಎಲ್ಲಕ್ಕೂ ದಾರಿ ಇರುತ್ತದೆ. ಆದರೆ ಕಂಪನಿ ಕೆಲಸ ಜಾಸ್ತಿ ಬೆಂಗಳೂರು, ಹೈದರಾಬಾದ್ ಕಡೆ. ಗಂಜಿ, ಮೀನು ಬಿಟ್ಟು ಹೊರಡಬೇಕು!

ಫಾರ್ಮ್ ಡಿ 6 ವರ್ಷ, ಕೊನೆಯ ವರ್ಷ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್. ವಾರ್ಡಿನಲ್ಲಿ ರೋಗಿಗಳ ಜೊತೆ ಕೆಲಸ ಇಷ್ಟವಿದ್ದರೆ ಸೇರಿ. ಆಸ್ಪತ್ರೆ ಪಕ್ಕದಲ್ಲೇ ಇರುವ ಕಾಲೇಜು ನೋಡಿ. ಮಣಿಪಾಲ, ಮಂಗಳೂರು ಹತ್ತಿರದ ದೇರಳಕಟ್ಟೆಯಲ್ಲಿ ಅಂಥವು ಇವೆ. ಫೀಸು ಮೊದಲೇ ವಿಚಾರಿಸಿ.